ರಷ್ಯಾದ ರಾಜಕುಮಾರಿ ಅನಸ್ತಾಸಿಯಾ ಬದುಕಿ ಉಳಿದಿದ್ದಳೇ? ಯಾರ ಮಾತು ನಂಬಬೇಕು?

ಫಾರ್ವರ್ಡ್ ಹೇಳುವುದು: ರಷ್ಯಾದ ಕೊನೆಯ ಚಕ್ರವರ್ತಿಯ ಕುಟುಂಬವನ್ನು ಗುಂಡಿಟ್ಟು ಕೊಂದಾಗ ಕಿರಿಯ ಮಗಳು ಅನಸ್ತಾಸಿಯಾ ತಪ್ಪಿಸಿಕೊಂಡಳು, ಬೇರೆ ಹೆಸರಿನಲ್ಲಿ ಬದುಕಿದಳು.

ವಾಸ್ತವ: ಇದು ಸುಳ್ಳು. ಕುಟುಂಬದ ಏಳೂ ಜನ ಒಂದೇ ರಾತ್ರಿ ಸತ್ತರು.

ಆದರೂ ಈ ಕಥೆಯನ್ನು ಜನ ದಶಕಗಳ ಕಾಲ ನಂಬಿದ್ದಕ್ಕೆ ಕಾರಣವಿದೆ. ಮೊದಲ ಸುಳ್ಳು ಬಂದದ್ದೇ ಸರ್ಕಾರದ ಕಡೆಯಿಂದ.

ಅಂದು ನಡೆದದ್ದೇನು?

ಅಧಿಕಾರ ಕಳೆದುಕೊಂಡಿದ್ದ ಎರಡನೇ ನಿಕೋಲಸ್, ಪತ್ನಿ ಅಲೆಕ್ಸಾಂಡ್ರಾ, ನಾಲ್ವರು ಹೆಣ್ಣುಮಕ್ಕಳು ಮತ್ತು ಮಗ ಅಲೆಕ್ಸಿಯನ್ನು ಬೊಲ್ಶೆವಿಕರು ಯೆಕಟೆರಿನ್‌ಬರ್ಗ್ ನಗರದ ಮನೆಯೊಂದರಲ್ಲಿ ಬಂಧಿಸಿಟ್ಟಿದ್ದರು. 1918ರ ಜುಲೈ 16 ಕಳೆದು 17 ಶುರುವಾದ ರಾತ್ರಿ, ಇವರನ್ನೂ ವೈದ್ಯ ಹಾಗೂ ಮೂವರು ಸೇವಕರನ್ನೂ ನೆಲಮಾಳಿಗೆಗೆ ಕರೆದೊಯ್ದು ಕೊಂದರು. ಒಟ್ಟು 11 ಜನ.

ಈಗ ಒಂದೊಂದೇ ಮೂಲವನ್ನು ನೋಡೋಣ.

1. ಸರ್ಕಾರದ ಪ್ರಕಟಣೆ

ನಿಕೋಲಸ್‌ನನ್ನು ಮಾತ್ರ ಕೊಂದಿದ್ದೇವೆ, ಪತ್ನಿ ಮತ್ತು ಮಗನನ್ನು ಸುರಕ್ಷಿತ ಜಾಗಕ್ಕೆ ಕಳಿಸಿದ್ದೇವೆ ಎಂದು ಪ್ರಕಟಣೆ ಹೇಳಿತು. ಅದೇ ವರ್ಷ ಜರ್ಮನಿಯ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡಿದ್ದ ಸರ್ಕಾರಕ್ಕೆ, ಜರ್ಮನ್ ಮೂಲದ ರಾಣಿಯನ್ನೂ ಮಕ್ಕಳನ್ನೂ ಕೊಂದೆವು ಎಂದು ಒಪ್ಪಿಕೊಳ್ಳುವುದು ಕಷ್ಟವಿತ್ತು. ಅಧಿಕೃತ ಮುದ್ರೆ ಇದ್ದರೂ ಹೇಳಿದ್ದು ಸುಳ್ಳು.

2. ವಿರೋಧಿ ಪಕ್ಷದ ತನಿಖೆ

ಕೆಲವೇ ದಿನಗಳಲ್ಲಿ ನಗರ ಬೊಲ್ಶೆವಿಕರ ವಿರೋಧಿಗಳ ಕೈಗೆ ಬಂತು. ಅವರು ನೇಮಿಸಿದ ತನಿಖಾಧಿಕಾರಿ ಸೊಕೊಲೊವ್‌ಗೆ ಗಣಿಯೊಂದರ ಬಳಿ ಒಡವೆಯ ಚೂರು, ಬೆಲ್ಟಿನ ಬಕಲ್‌ನಂಥ ವಸ್ತುಗಳು ಸಿಕ್ಕವು. ಎಲ್ಲರೂ ಸತ್ತಿದ್ದಾರೆ ಎಂಬ ಅವರ ತೀರ್ಮಾನ ಸರಿ. ಆದರೆ ಶವಗಳನ್ನೆಲ್ಲ ಸುಟ್ಟು ಇಲ್ಲವಾಗಿಸಿದ್ದಾರೆ ಎಂದದ್ದು ಊಹೆ, ಅದು ತಪ್ಪಾಯಿತು. ಶವಗಳೇ ಇಲ್ಲ ಎಂದಮೇಲೆ, 'ಬದುಕಿರಬಹುದು' ಎನ್ನುವವರಿಗೆ ದಾರಿ ಉಳಿಯಿತು.

3. ಕೊಂದವನ ಬರಹ

ಗುಂಡು ಹಾರಿಸಿದ ತಂಡದ ಮುಖ್ಯಸ್ಥ ಯುರೊವ್‌ಸ್ಕಿಯ ವಿವರಣೆ ದಶಕಗಳ ಕಾಲ ಕಡತದಲ್ಲೇ ಇತ್ತು. ಇಬ್ಬರನ್ನು ಸುಟ್ಟೆವು, ಉಳಿದವರನ್ನು ಕಾಡುದಾರಿಯಲ್ಲಿ ಹೂತು ಮೇಲೆ ರೈಲು ಹಳಿಯ ಮರದ ದಿಮ್ಮಿ ಹಾಸಿದೆವು ಎಂದು ಅದರಲ್ಲಿತ್ತು. 1991ರಲ್ಲಿ ಅಂಥದೇ ಜಾಗ ಅಗೆದಾಗ 9 ಅಸ್ಥಿಪಂಜರ ಸಿಕ್ಕವು. 2007ರಲ್ಲಿ ಸುಮಾರು 70 ಮೀಟರ್ ದೂರದಲ್ಲಿ ಇನ್ನಿಬ್ಬರ ಸುಟ್ಟ ಮೂಳೆಗಳು ಸಿಕ್ಕವು. ಲೆಕ್ಕ ಸರಿಹೋಯಿತು.

ಆದರೆ ಸುಟ್ಟ ಹೆಂಗಸು ರಾಣಿಯ ಸೇವಕಿ ಎಂದು ಅವನು ಬರೆದಿದ್ದ. ಮೂಳೆಗಳು ಅಲೆಕ್ಸಿ ಮತ್ತು ಅವನ ಅಕ್ಕನವು. ಅಂದರೆ ಮುಖ್ಯ ವಿಷಯದಲ್ಲಿ ಸರಿಯಿದ್ದ ಮೂಲವೂ ಒಂದು ವಿವರದಲ್ಲಿ ತಪ್ಪಬಹುದು.

4. 'ನಾನೇ ಅನಸ್ತಾಸಿಯಾ' ಎಂದವಳು

1920ರಲ್ಲಿ ಬರ್ಲಿನ್‌ನ ಕಾಲುವೆಯಿಂದ ಎತ್ತಿದ ಒಬ್ಬ ಮಹಿಳೆ, ಮುಂದೆ ಆನಾ ಆಂಡರ್ಸನ್ ಎಂದು ಹೆಸರಾದವಳು, ತಾನೇ ರಾಜಕುಮಾರಿ ಎಂದಳು. ರಾಜಮನೆತನದ ಸಂಬಂಧಿಕರಲ್ಲೇ ಕೆಲವರು ನಂಬಿದರು, ಕೆಲವರು ನಂಬಲಿಲ್ಲ. ಜರ್ಮನಿಯ ಕೋರ್ಟುಗಳಲ್ಲಿ ವರ್ಷಗಟ್ಟಲೆ ಕೇಸು ನಡೆದರೂ ಇತ್ಯರ್ಥವಾಗಲಿಲ್ಲ. ಅವಳು 1984ರಲ್ಲಿ ತೀರಿಕೊಂಡಳು. ಆಸ್ಪತ್ರೆಯಲ್ಲಿ ಉಳಿದಿದ್ದ ಅವಳ ಅಂಗಾಂಶದ ಡಿಎನ್‌ಎ 1994ರಲ್ಲಿ ರಾಣಿಯ ವಂಶಕ್ಕೆ ಹೊಂದಲಿಲ್ಲ, ಫ್ರಾನ್ಸಿಸ್ಕಾ ಶಾನ್ಸ್‌ಕೊವ್‌ಸ್ಕಾ ಎಂಬ ಕಾರ್ಖಾನೆ ಕೆಲಸದವಳ ಸಂಬಂಧಿಗೆ ಹೊಂದಿತು.

ಡಿಎನ್‌ಎ ಹೇಗೆ ತೀರ್ಮಾನಿಸಿತು?

ತಾಯಿಯಿಂದ ಮಕ್ಕಳಿಗೆ ಬರುವ ಒಂದು ಬಗೆಯ ಡಿಎನ್‌ಎ ಇದೆ. ಬ್ರಿಟನ್ನಿನ ಪ್ರಿನ್ಸ್ ಫಿಲಿಪ್ ಅವರ ಅಜ್ಜಿ, ಅಂದರೆ ತಾಯಿಯ ತಾಯಿ, ಅಲೆಕ್ಸಾಂಡ್ರಾಳ ಸ್ವಂತ ಅಕ್ಕ. ಫಿಲಿಪ್ ಕೊಟ್ಟ ರಕ್ತ ರಾಣಿ ಮತ್ತು ಮಕ್ಕಳ ಮೂಳೆಗಳಿಗೆ ತಾಳೆಯಾಯಿತು. 1891ರಲ್ಲಿ ಜಪಾನಿನಲ್ಲಿ ಹಲ್ಲೆಯಾದಾಗ ರಕ್ತವಾಗಿದ್ದ ನಿಕೋಲಸ್‌ನ ಅಂಗಿಯೂ ಮುಂದೆ ನೆರವಾಯಿತು. 2007ರಲ್ಲಿ ಸಿಕ್ಕವಳು ಮಾರಿಯಾಳೋ ಅನಸ್ತಾಸಿಯಾಳೋ ಎಂಬ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ನಾಲ್ವರು ಹೆಣ್ಣುಮಕ್ಕಳ ಮೂಳೆಗಳೂ ಸಿಕ್ಕಿವೆ.

ಫಾರ್ವರ್ಡ್ ಮಾಡುವ ಮುನ್ನ ಕೇಳಿ

• ಹೇಳಿದವರು ಅಲ್ಲಿದ್ದರೇ, ಕೇಳಿ ಹೇಳಿದ್ದೇ?
• ಹೀಗೆ ಹೇಳಿದರೆ ಅವರಿಗೇನು ಲಾಭ?
• ಕಣ್ಣಿಗೆ ಕಂಡದ್ದು ಎಷ್ಟು, ಊಹೆ ಎಷ್ಟು?
• ಅವರಿಗೆ ಸಂಬಂಧವಿಲ್ಲದ ಬೇರೆ ಸಾಕ್ಷಿ ಅದನ್ನೇ ಹೇಳುತ್ತದೆಯೇ?

ಇದು ಬರೀ ರಾಜಕುಮಾರಿಯ ಕಥೆ ಎಂದು ಬಿಡುವಂತಿಲ್ಲ. ಇದೇ ಕೊಲೆಯನ್ನು ಯಹೂದಿಗಳು ಧಾರ್ಮಿಕ ಬಲಿಯಾಗಿ ಮಾಡಿದರು ಎಂಬ ಆಧಾರವಿಲ್ಲದ ಮಾತೂ ಹಬ್ಬಿ, ಇಡೀ ಸಮುದಾಯದ ಮೇಲೆ ದ್ವೇಷಕ್ಕೆ ಬಳಕೆಯಾಯಿತು. ಹಳೆಯ ಸಾವೊಂದರ 'ಮುಚ್ಚಿಟ್ಟ ಸತ್ಯ' ನಿಮ್ಮ ಗ್ರೂಪಿಗೆ ಬಂದಾಗ ಮೇಲಿನ ನಾಲ್ಕು ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಮುಂದೆ ಕಳಿಸಬೇಡಿ.