ಕನ್ನಡ ಲಿಪಿಯೂ ಗಣಕಯಂತ್ರವೂ

ಹಳೇಬೀಡಿಗೆ ಸೇರಿಕೊಂಡಂತಿರುವ ಬಸ್ತಿಹಳ್ಳಿಯಲ್ಲಿ ಮೂರು ಜಿನಾಲಯಗಳುಂಟು. ಅವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕನಾಗಿದ್ದ ಗಂಗರಾಜನ ಮಗ ಬೊಪ್ಪದೇವನು ತನ್ನ ತಂದೆಯ ಸ್ಮರಣಾರ್ಥವಾಗಿ ಕ್ರಿ.ಶ. 1133ರಲ್ಲಿ ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ತಂದುಕೊಟ್ಟ ವೇಳೆಯಲ್ಲಿಯೇ ಅರಸನಿಗೆ ಯುದ್ಧದಲ್ಲಿ ಜಯವೂ ಮನೆಯಲ್ಲಿ ಪುತ್ರೋತ್ಸವವೂ ಕೂಡಿಬಂದುದರಿಂದ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನಾರಸಿಂಹನೆಂದೂ ಹೆಸರಾಯಿತೆಂಬುದನ್ನು ಅಲ್ಲಿಯ ಶಾಸನವು ಹೇಳುತ್ತದೆ. ಮುಖ ಕಾಣುವಷ್ಟು ನುಣುಪಾದ ಕಂಬಗಳ ಮುಂದೆ ನಿಂತು ಬೆರಗಾಗುವ ಯಾತ್ರಿಕರಲ್ಲಿ ಈ ಬರಹದ ಕಡೆಗೆ ಕಣ್ಣು ಹಾಯಿಸುವವರು ವಿರಳ. ಆದರೆ ಅದನ್ನು ಕಡೆದ ಶಿಲ್ಪಿಗೆ ಕಕಾರವನ್ನು ಕಕಾರವಾಗಿ ಬರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಓದುವವನು ಒಂದು ಉಪಕರಣವನ್ನು ಕೊಂಡು ತರಬೇಕಾಗಿಯೂ ಇರಲಿಲ್ಲ. ಅಕ್ಷರವೂ ಕಲ್ಲೂ ಉಳಿಯೂ ಈ ನಾಡಿನವೇ ಆಗಿದ್ದುವು.

ಈ ಸೀಮೆಯ ಶಾಸನಗಳು ಕಲ್ಲಿನಿಂದ ಕಾಗದಕ್ಕೆ ಇಳಿದುದು ಬಿ. ಎಲ್. ರೈಸ್ ಮಹಾಶಯರ ಪರಿಶ್ರಮದಿಂದ. ಹಾಸನ ಜಿಲ್ಲೆಯ ಶಾಸನಗಳ ಸಂಪುಟವು 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದಕ್ಕೆ ಮೂವತ್ತು ವರ್ಷ ಹಿಂದೆ, 1872ರಲ್ಲಿ, ಕಿಟ್ಟೆಲ್ ಪಂಡಿತರು ಕೇಶಿರಾಜನ ಶಬ್ದಮಣಿದರ್ಪಣವನ್ನು ಅದೇ ಊರಿನಲ್ಲಿ ಮುದ್ರಿಸಿ ಪ್ರಕಟಿಸಿದ್ದರು. ಅಚ್ಚಿನ ಮೊಳೆಗಳನ್ನು ಮಾಡಿಸಿದವರು ಹೊರನಾಡಿನ ಪಾದ್ರಿಗಳಾಗಿದ್ದರೂ, ಅಚ್ಚಾದ ಹಾಳೆಯನ್ನು ಕನ್ನಡ ಬಲ್ಲ ಯಾವನಾದರೂ ಯಾವ ಊರಿನಲ್ಲಾದರೂ ಓದಬಹುದಾಗಿದ್ದಿತು. ಈ ಸ್ವಾತಂತ್ರ್ಯವು ಗಣಕಯಂತ್ರವು ಬಂದಾಗ ಸದ್ದಿಲ್ಲದೆ ಕೈತಪ್ಪಿತು. ಅದು ಹೇಗೆ ತಪ್ಪಿತು, ಮರಳಿ ಪಡೆಯಲು ಕನ್ನಡ ನಾಡು ಏನು ಮಾಡಿತು ಎಂಬುದು ಈಚಿನ ನಾಲ್ಕು ದಶಕಗಳ ಚರಿತ್ರೆ.

ಗಣಕಯಂತ್ರಕ್ಕೆ ಅಕ್ಷರವೆಂಬುದು ತಿಳಿಯದು, ಅಂಕೆ ಮಾತ್ರ ತಿಳಿಯುವುದು. ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದರೆ ಅದು ಆ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡು, ಕೇಳಿದಾಗ ಅಕ್ಷರದ ಚಿತ್ರವನ್ನು ತೋರಿಸುತ್ತದೆ. ಮೊದಲಿನ ಯಂತ್ರಗಳಲ್ಲಿ ಇಂಥ ಸ್ಥಾನಗಳು 256 ಮಾತ್ರ ಇದ್ದು, ಅವುಗಳಲ್ಲಿ ಮೊದಲರ್ಧವು ಆಂಗ್ಲ ಲಿಪಿಗೂ ಯಂತ್ರದ ಸ್ವಂತ ಉಪಯೋಗಕ್ಕೂ ಮೀಸಲಾಗಿದ್ದಿತು. ಕಾಗುಣಿತವೂ ಒತ್ತಕ್ಷರಗಳೂ ಸೇರಿದರೆ ನಮ್ಮ ಲಿಪಿಯ ರೂಪಗಳು ಸಾವಿರಗಟ್ಟಲೆಯಾಗುತ್ತವೆ. ಆದುದರಿಂದ ತಂತ್ರಾಂಶ ರಚಿಸುವವರು ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಂದು ಅಕ್ಷರಗಳನ್ನು ತುಂಡುಮಾಡಿ, ಆ ತುಂಡುಗಳನ್ನು ಆಂಗ್ಲ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿದರು. ಯಂತ್ರದ ಪಾಲಿಗೆ ಅದು ಕನ್ನಡವೇ ಅಲ್ಲ, ಕನ್ನಡದ ವೇಷ ತೊಟ್ಟ ಆಂಗ್ಲ. ಅಷ್ಟೇ ಅಲ್ಲದೆ ಶ್ರೀಲಿಪಿ, ಆಕೃತಿ ಮೊದಲಾದ ಒಂದೊಂದು ತಂತ್ರಾಂಶವೂ ಈ ತುಂಡುಗಳನ್ನು ತನ್ನದೇ ಆದ ಕ್ರಮದಲ್ಲಿ ಕೂರಿಸಿದ್ದರಿಂದ, ಒಬ್ಬರ ಸಾಧನದಲ್ಲಿ ಬರೆದ ಪತ್ರವನ್ನು ಮತ್ತೊಬ್ಬರ ಸಾಧನದಲ್ಲಿ ಓದುವಂತಿರಲಿಲ್ಲ. ಬೆರಳಚ್ಚು ಮಾಡುವ ಕೀಲಿಮಣೆಯ ಕ್ರಮವೂ ಹೀಗೆಯೇ ಹಲವು ಬಗೆಯಾಗಿದ್ದಿತು.

ಈ ಗೊಂದಲದ ನಡುವೆ ಒಂದು ಸುಲಭವಾದ ದಾರಿಯನ್ನು ತೋರಿಸಿದವರು ಕಿನ್ನಿಕಂಬಳದ ಕೆ. ಪಿ. ರಾವ್ ಅವರು. ಅವರ ಯುಕ್ತಿಯು ವ್ಯಾಕರಣ ಓದಿದವರಿಗೆ ಹೊಸದಾಗಿ ತೋರಲಾರದು. ಅಕ್ಷರದ ಆಕಾರವನ್ನು ಮರೆತು ಉಚ್ಚಾರಣೆಯನ್ನು ಹಿಡಿದರೆ ಕನ್ನಡಕ್ಕೆ ಬೇಕಾದುದು ಕೆಲವೇ ವರ್ಣಗಳು. ವ್ಯಂಜನದ ಕೀಲಿಯನ್ನೊತ್ತಿ ಅನಂತರ ಸ್ವರದ ಕೀಲಿಯನ್ನೊತ್ತಿದರೆ ಗುಣಿತಾಕ್ಷರವು ತಾನಾಗಿ ಮೂಡಬೇಕು. ಅದೇ ಸ್ವರದ ಕೀಲಿಯು ಪದದ ಮೊದಲಲ್ಲಿ ಬಂದರೆ ಸ್ವತಂತ್ರ ಸ್ವರವಾಗಿ ನಿಲ್ಲಬೇಕು. ಹೀಗೆ ಮಾಡಿದಾಗ ಇಡೀ ಕನ್ನಡ ವರ್ಣಮಾಲೆಯು ಆಂಗ್ಲ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲಿಯೇ ಅಡಗಿತು. ಈ ಕ್ರಮದ ಮೇಲೆ ರಚಿಸಿದ ತಂತ್ರಾಂಶಕ್ಕೆ ಅವರು ಸೇಡಿಯಾಪು ಕೃಷ್ಣ ಭಟ್ಟರ ಸ್ಮರಣೆಗಾಗಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಛಂದಸ್ಸು, ಶಬ್ದಾರ್ಥಗಳಲ್ಲಿ ಮುಳುಗಿದ್ದ ಪಂಡಿತರ ಹೆಸರು ಯಂತ್ರದ ಮೇಲೆ ಕುಳಿತುದು ವಿನೋದವಾಗಿಯೂ ಉಚಿತವಾಗಿಯೂ ಇದೆ. ಹೆಚ್ಚಿನ ಮಾತೆಂದರೆ, ರಾಯರು ತಮ್ಮ ಕೀಲಿಮಣೆಯ ಮೇಲೆ ಒಡೆತನವನ್ನು ಸಾಧಿಸದೆ ಅದನ್ನು ನಾಡಿಗೆ ಬಿಟ್ಟುಕೊಟ್ಟರು.

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವು ಬೆಲೆಯಿಲ್ಲದೆ ಹಂಚಲ್ಪಟ್ಟು ಹೊರನಾಡ ಕನ್ನಡಿಗರಲ್ಲಿಯೂ ಹಬ್ಬಿತು. ಆ ಹೊತ್ತಿಗೆ ಸರ್ಕಾರದ ಕಚೇರಿಗಳಿಗೂ ಗಣಕಯಂತ್ರಗಳು ಬರತೊಡಗಿದ್ದುವು. ಆಡಳಿತ ಭಾಷೆಯ ಶಾಸನವು 1963ರಲ್ಲಿಯೇ ಆಗಿದ್ದರೂ ಯಂತ್ರಕ್ಕೆ ಅದರ ವಾರ್ತೆ ತಲಪಿರಲಿಲ್ಲ. ಇಲ್ಲಿ ಕನ್ನಡ ಗಣಕ ಪರಿಷತ್ತು ಮಾಡಿದ ಕಾರ್ಯವು ಸ್ಮರಣೀಯ. ಒಂದೇ ಕೀಲಿಮಣೆ, ಅಕ್ಷರದ ತುಂಡುಗಳಿಗೆ ಒಂದೇ ಸಂಕೇತಕ್ರಮ, ಇವೆರಡನ್ನೂ ಸರ್ಕಾರವೇ ಗೊತ್ತುಮಾಡಬೇಕು, ವ್ಯಾಪಾರಿಗಳು ಅದನ್ನನುಸರಿಸಬೇಕು ಎಂಬ ಒತ್ತಾಯವು ಬಲವಾಗಿ, ಶತಮಾನದ ತಿರುವಿನಲ್ಲಿ ಕರ್ನಾಟಕ ಸರ್ಕಾರವು ಕೆ. ಪಿ. ರಾಯರ ಕ್ರಮದ ಕೀಲಿಮಣೆಯನ್ನು ಅಂಗೀಕರಿಸಿ ಶಿಷ್ಟತೆಯನ್ನು ವಿಧಿಸಿತು. ಅದಕ್ಕೆ ಮಾದರಿಯಾಗಿ ಪರಿಷತ್ತಿನ ‘ನುಡಿ’ ತಂತ್ರಾಂಶವು ಹೊರಬಂದಿತು. ಬೇಲೂರಿಗೆ ನೆರೆಯಾದ ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಇಷ್ಟರಿಂದ ತೃಪ್ತರಾಗಲಿಲ್ಲ. ಯಂತ್ರದಲ್ಲಿ ಪೂರ್ಣವಾಗಿ ನೆಲೆಗೊಳ್ಳದ ಭಾಷೆಯು ಉಳಿಯಲಾರದೆಂಬ ಕಳವಳದಿಂದ ಅವರು 2007ರಲ್ಲಿ ತೀರಿಕೊಳ್ಳುವ ತನಕ ಈ ವಿಷಯವನ್ನು ಬಿಡದೆ ಎತ್ತುತ್ತಲೇ ಬಂದರು.

ಅವರ ಅತೃಪ್ತಿಗೆ ಕಾರಣವಿಲ್ಲದಿರಲಿಲ್ಲ. ಕೀಲಿಮಣೆಯ ವಿಷಯದಲ್ಲಿ ನಾಡು ಗೆದ್ದಿತು, ಸಂಕೇತದ ವಿಷಯದಲ್ಲಿ ಎಡವಿತು. ತುಂಡುಗಳ ಕ್ರಮವು ಒಂದೇ ಆದ ಮಾತ್ರಕ್ಕೆ ತುಂಡು ತುಂಡೇ ಅಲ್ಲವೆ? ‘ನುಡಿ’ಯಲ್ಲಿ ‘ಕನ್ನಡ’ವೆಂದು ಬರೆದ ಪತ್ರವನ್ನು ಆ ಅಕ್ಷರಜಾತಿಯಿಲ್ಲದ ಯಂತ್ರದಲ್ಲಿ ತೆರೆದರೆ, ಕಕಾರವಿದ್ದ ಎಡೆಯಲ್ಲಿ ಆಂಗ್ಲದ ‘ಪಿ’ ಅಕ್ಷರವೂ ಅದರ ಮಗ್ಗುಲಲ್ಲಿ ತಲೆಯ ಮೇಲೆ ಗೀಟು ಹೊತ್ತ ‘ಎ’ ಅಕ್ಷರವೂ ಕಾಣುತ್ತಿದ್ದುವು. ಅದೇ ವರ್ಷಗಳಲ್ಲಿ ‘ಭೂಮಿ’ ಯೋಜನೆಯಿಂದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರುತ್ತಿದ್ದುವೆಂಬುದನ್ನು ನೆನೆದರೆ ಈ ಪ್ರಶ್ನೆಯ ತೂಕವು ತಿಳಿಯುವುದು. ರೈತನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಹೊಲವು ಯಾರದೆಂಬ ವ್ಯಾಜ್ಯಕ್ಕೆ ದಾರಿಯಾಗುತ್ತದೆ.

ಸರಿಯಾದ ಉಪಾಯವು ಆಗಲೇ ಉಂಟಾಗಿದ್ದಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲಕ್ಕೂ ವರ್ಣಗಳು ಬಹುಮಟ್ಟಿಗೆ ಸಮಾನವಾದುದರಿಂದ, ಆಕಾರಕ್ಕಲ್ಲದೆ ವರ್ಣಕ್ಕೆ ಸಂಖ್ಯೆಯನ್ನು ಕೊಡುವ ‘ಇಸ್ಕಿ’ ಎಂಬ ಭಾರತೀಯ ಸಂಕೇತವನ್ನು ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಅಂಗೀಕರಿಸಿತ್ತು. ಅದೇ ವರ್ಷ ಜಗತ್ತಿನ ಲಿಪಿಗಳೆಲ್ಲವನ್ನೂ ಒಂದೇ ಪಟ್ಟಿಗೆ ತರುವ ಯೂನಿಕೋಡ್ ಹೊರಬಂದು, ಕನ್ನಡಕ್ಕೆ 3200ರಿಂದ 3327ರ ವರೆಗೆ 128 ಸ್ಥಾನಗಳನ್ನು ಕೊಟ್ಟಿತು. ಕಕಾರಕ್ಕೆ 3221, ಹಲಂತಕ್ಕೆ 3277, ಷಕಾರಕ್ಕೆ 3255. ಈ ಮೂರನ್ನು ಅನುಕ್ರಮವಾಗಿ ಇಟ್ಟರೆ ‘ಕ್ಷ’ ಎಂಬ ರೂಪವನ್ನು ಬರೆಯುವುದು ಅಕ್ಷರಜಾತಿಯ ಕೆಲಸ. ಶಿಕ್ಷಾಶಾಸ್ತ್ರವು ವರ್ಣಕ್ಕೂ ಲಿಪಿಗೂ ಮಾಡಿದ ಭೇದವೇ ಇಲ್ಲಿಯೂ ಇರುವುದು. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ‘ತುಂಗಾ’ ಎಂಬ ಅಕ್ಷರಜಾತಿಯು ಬಂದ ಮೇಲೆ ಈ ಕ್ರಮವು ಕನ್ನಡಕ್ಕೆ ಬಳಕೆಗೆ ದೊರಕಿತು. ಸರ್ಕಾರವು ಇದನ್ನು ತನ್ನ ಶಿಷ್ಟತೆಯಾಗಿ ಒಪ್ಪಿದುದು 2010ರ ದಶಕದಲ್ಲಿ. ಅಷ್ಟರಲ್ಲಿ ಹಳೆಯ ಕ್ರಮದಲ್ಲಿ ಬರೆದ ಕಡತಗಳು ರಾಶಿಬಿದ್ದು, ಅವನ್ನು ಪರಿವರ್ತಿಸುವ ಕೆಲಸವೇ ಒಂದು ಉದ್ಯೋಗವಾಯಿತು.

ಆದರೆ ಯೂನಿಕೋಡಿನ ಪಟ್ಟಿಯನ್ನು ಬರೆದ ಕೈಗಳು ಈ ನಾಡಿನವಲ್ಲ. ಅದಕ್ಕೆ ತೆತ್ತ ಬೆಲೆಯು ಒಂದು ಅಕ್ಷರದ ಕಥೆಯಲ್ಲಿ ಕಾಣುತ್ತದೆ.

ಹಳಗನ್ನಡದಲ್ಲಿ ಳಕಾರದಿಂದ ಬೇರೆಯಾದ ‘ೞ’ ಎಂಬ ವರ್ಣವಿದ್ದಿತು. ಕ್ರಿ.ಶ. 450ರ ಸುಮಾರಿನದೆಂದು ಎಣಿಸುವ, ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿಯ ಶಾಸನದಲ್ಲಿ ‘ಬಾಳ್ಗೞ್ಚು’ ಎಂಬ ದತ್ತಿಯ ಹೆಸರಿನಲ್ಲಿ ಅದು ಬಂದಿದೆ. ಹಲ್ಮಿಡಿಯು ಈ ಬೇಲೂರು ತಾಲ್ಲೂಕಿನದೇ ಊರು. ಹೊಯ್ಸಳರ ಕಾಲಕ್ಕೆ ಅದು ಜನರ ಬಾಯಲ್ಲಿ ಳಕಾರದೊಡನೆ ಬೆರೆತುಹೋಗುತ್ತಿದ್ದುದರಿಂದ, ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ೞಕಾರವಿರುವ ಶಬ್ದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು. ಲೋಕವು ಮರೆಯುತ್ತಿದ್ದುದನ್ನು ವೈಯಾಕರಣನೊಬ್ಬನು ಬರೆದಿಟ್ಟುದರಿಂದಲೇ ಕಿಟ್ಟೆಲರ ಕಾಲದ ಅಚ್ಚಿನಲ್ಲಿಯೂ ಆ ವರ್ಣಕ್ಕೆ ಒಂದು ಮೊಳೆ ಇದ್ದಿತು.

ಯೂನಿಕೋಡಿನವರು ಈ ಅಕ್ಷರಕ್ಕೆ ಸ್ಥಾನವನ್ನೇನೋ ಕೊಟ್ಟರು. ತಮಿಳು ಮಲಯಾಳಗಳ ಪಟ್ಟಿಗಳಲ್ಲಿ ಳಕಾರದ ಮುಂದಿನ ಮನೆಯೇ ೞಕಾರದ್ದು. ಅದೇ ಲೆಕ್ಕದಲ್ಲಿ ಕನ್ನಡದ ಳಕಾರವು 3251ರಲ್ಲಿರುವುದರಿಂದ ೞಕಾರವು 3252ರಲ್ಲಿ ಕೂರಬೇಕಾಗಿದ್ದಿತು. ಅದನ್ನು ಅಲ್ಲಿ ಕೂರಿಸದೆ ದೂರದ 3294ರಲ್ಲಿ ಕೂರಿಸಿ, ಅದರ ಹೆಸರನ್ನು ಆಂಗ್ಲದಲ್ಲಿ ‘ಕನ್ನಡ ಲೆಟರ್ ಫಾ’ ಎಂದು ಬರೆದರು. ‘ಫ್ಯಾನ್’ ಎಂಬಲ್ಲಿ ಮೊದಲು ಕೇಳುವ ಆ ಧ್ವನಿಗೂ ಕೇಶಿರಾಜನ ೞಕಾರಕ್ಕೂ ಸ್ಥಾನದಲ್ಲಾಗಲಿ ಪ್ರಯತ್ನದಲ್ಲಾಗಲಿ ಯಾವ ಸಂಬಂಧವೂ ಇಲ್ಲ. ಒಂದು ಓಷ್ಠದ ಬಳಿ ಹುಟ್ಟುವುದು, ಮತ್ತೊಂದು ಮೂರ್ಧದಲ್ಲಿ. ತಪ್ಪು ಗೊತ್ತಾದ ಮೇಲೆ ತಿದ್ದಲು ಹೋದರೆ ನಿಯಮವು ಅಡ್ಡಬಂದಿತು. ಒಮ್ಮೆ ಇಟ್ಟ ಹೆಸರನ್ನೂ ಕೊಟ್ಟ ಸಂಖ್ಯೆಯನ್ನೂ ಎಂದಿಗೂ ಬದಲಾಯಿಸಕೂಡದೆಂಬುದು ಯೂನಿಕೋಡಿನ ಪ್ರತಿಜ್ಞೆ. ಲೋಕದ ಯಂತ್ರಗಳೆಲ್ಲ ಅದನ್ನು ನಂಬಿ ನಡೆಯುವುದರಿಂದ ಪ್ರತಿಜ್ಞೆಯು ನ್ಯಾಯವಾದುದೇ. ಆದರೆ ನ್ಯಾಯವಾದ ನಿಯಮವು ಅನ್ಯಾಯವಾದ ಹೆಸರನ್ನು ಶಾಶ್ವತಗೊಳಿಸಿತು. ಈ ಹೆಸರು ತಪ್ಪೆಂಬ ಟಿಪ್ಪಣಿಯನ್ನೂ ಸರಿಯಾದ ಉಪನಾಮವನ್ನೂ ಪಕ್ಕದಲ್ಲಿ ಸೇರಿಸುವುದಷ್ಟೇ ಸಾಧ್ಯವಾಯಿತು.

ಪಟ್ಟಿಯನ್ನು ಬರೆಯುವ ಕಾಲದಲ್ಲಿ ಕನ್ನಡದ ಒಬ್ಬ ಪಂಡಿತನನ್ನು ಕೇಳಿದ್ದರೆ ಅರೆಗಳಿಗೆಯಲ್ಲಿ ತೀರುತ್ತಿದ್ದ ಮಾತು ಇದು. ಕೇಳದಿದ್ದುದು ಅವರ ತಪ್ಪೋ, ಕೇಳುವಂತೆ ಮಾಡದಿದ್ದುದು ನಮ್ಮ ತಪ್ಪೋ ಎಂದರೆ ಎರಡನೆಯದರ ಪಾಲೇ ಹೆಚ್ಚೆಂದು ತೋರುತ್ತದೆ. ಏಕೆಂದರೆ ಆಧಾರಗಳೊಡನೆ ಮನವಿ ಬಂದಾಗ ಆ ಸಭೆಯು ಬಾಗಿಲನ್ನು ಮುಚ್ಚಿಲ್ಲ. ಹಳೆಯ ಬರಹಗಳಲ್ಲಿ ಪದಾಂತ್ಯದಲ್ಲಿ ಬರುತ್ತಿದ್ದ ಸ್ವರಹೀನವಾದ ನಕಾರದ ವಿಶೇಷ ರೂಪಕ್ಕೆ, ಅಂದರೆ ‘ನಕಾರ ಪೊಲ್ಲು’ವಿಗೆ, 2021ರಲ್ಲಿ ಯೂನಿಕೋಡಿನ ಹದಿನಾಲ್ಕನೆಯ ಆವೃತ್ತಿಯಲ್ಲಿ ಸ್ಥಾನವು ದೊರೆಯಿತು, ಅದೂ ಕನ್ನಡದ ಹೆಸರಿನಲ್ಲಿಯೇ. ಅದಕ್ಕೆ ಸಿಕ್ಕಿದ ಸಂಖ್ಯೆ 3293. ತಪ್ಪು ಹೆಸರಿನ ೞಕಾರಕ್ಕೆ ಪಕ್ಕದ ಮನೆ. ಳಕಾರದ ಮುಂದಿನ 3252ನೆಯ ಸ್ಥಾನವು ಇಂದಿಗೂ ಬರಿದಾಗಿದೆ.