ಮಣ್ಣೆತ್ತು, ಸಗಣಿ ಪಾಂಡವರು, ಕಿನ್ನಾಳದ ಗೊಂಬೆ: ಸಣ್ಣ ಲೋಕ ಕಟ್ಟಿದವರ ಚರಿತ್ರೆ

ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಊರ ಮುಂದೆ ಕರಿ ಹರಿಯುತ್ತಾರೆ. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಈ ಸಲ ಎತ್ತು ಗೇಣುದ್ದದ್ದು. ಕೆರೆಯ ಜಿಗುಟು ಮಣ್ಣಿನ ಮೈ, ಬೆನ್ನ ಮೇಲೆ ಇಣಿ, ಕಣ್ಣಿಗೆ ಜೋಳದ ಕಾಳು ಅಥವಾ ಗುಲಗಂಜಿ, ಎದುರಿಗೆ ಮೇವು ತಿನ್ನಲು ಒಂದು ಮಣ್ಣಿನ ಗ್ವಾದಲಿ. ಒಂದು ಜೋಡಿ ಎತ್ತು, ಒಂದು ಗ್ವಾದಲಿ, ನಾಲ್ಕು ಎಸಳು ಮೇವು ಇಟ್ಟರೆ ಜಗಲಿಯ ಮೇಲೆ ಪೂರ್ತಿ ಒಂದು ದನದ ಕೊಟ್ಟಿಗೆ ಎದ್ದು ನಿಲ್ಲುತ್ತದೆ.

ಇದನ್ನು ನಾವು ಹಬ್ಬ ಎನ್ನುತ್ತೇವೆ. ಬೇರೆ ದೇಶದಲ್ಲಿ ಇಂಥದ್ದೇ ಕೆಲಸಕ್ಕೆ ಡಯೊರಾಮಾ ಎಂಬ ಹೆಸರಿದೆ. ಅಳತೆಗೆ ಕಿರಿದು ಮಾಡಿದ ಗೊಂಬೆಗಳನ್ನು ಒಂದು ತಳದ ಮೇಲೆ ಜೋಡಿಸಿ, ಬಣ್ಣ ಹಚ್ಚಿ, ಒಂದು ಸನ್ನಿವೇಶವನ್ನು ಹಿಡಿದು ನಿಲ್ಲಿಸುವುದೇ ಡಯೊರಾಮಾ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸುತ್ತಿನ ನಮ್ಮ ಸೀಮೆಯಲ್ಲಿ ಈ ಕೆಲಸಕ್ಕೆ ಉದ್ದವಾದ ಚರಿತ್ರೆ ಇದೆ. ಆದರೆ ಮಾಡಿದವರ ಹೆಸರು ಎಲ್ಲೂ ಇಲ್ಲ, ಮಾಡಿದ ವಸ್ತುಗಳಲ್ಲಿ ಹೆಚ್ಚಿನವು ಮಳೆಗೆ ಕರಗಿ ಹೋಗಿವೆ. ಉಳಿದಿರುವುದನ್ನು ಒಂದೆಡೆ ಇಟ್ಟು ನೋಡುವ ಪ್ರಯತ್ನ ಈ ಬರಹ.

ಹೆಸರು ಹೊಸದು, ಕೆಲಸ ಹಳೆಯದು

ಡಯೊರಾಮಾ ಎಂಬ ಹೆಸರು ಹುಟ್ಟಿದ್ದು ಪ್ಯಾರಿಸ್‌ನಲ್ಲಿ, 1822ರಲ್ಲಿ. ಆಮೇಲೆ ಫೋಟೋಗ್ರಫಿಯಿಂದ ಹೆಸರಾದ ಲೂಯಿ ಡಾಗೇರ್ ಮತ್ತು ಆತನ ಜೊತೆಗಾರ ಬೂತೋಂ, ದೊಡ್ಡ ಬಟ್ಟೆಯ ಮೇಲೆ ಚಿತ್ರ ಬರೆದು, ಅದರ ಮೇಲೆ ಬೆಳಕನ್ನು ಬದಲಿಸಿ ತೋರಿಸುವ ಆಟಕ್ಕೆ ಈ ಹೆಸರಿಟ್ಟರು. ಅದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗೆ ಬಂದದ್ದು ನಂತರ. ಅಮೆರಿಕದ ಮಿಲ್ವಾಕಿಯಲ್ಲಿ 1890ರಲ್ಲಿ ಕಾರ್ಲ್ ಏಕ್ಲಿ ನೀರಿಲಿಗಳನ್ನು ಅವುಗಳ ಗೂಡು, ನೀರು, ಹುಲ್ಲಿನ ಸಮೇತ ನಿಲ್ಲಿಸಿದ. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ ಟೊಳ್ಳು ಸೀಸದ ಸಿಪಾಯಿಗಳನ್ನು ಅಗ್ಗದ ಬೆಲೆಗೆ ತಂದಿತು. ಮನೆಯ ಮೇಜಿನ ಮೇಲೆ ಯುದ್ಧ ಕಟ್ಟುವ ಹವ್ಯಾಸ ಇಂಥ ಗೊಂಬೆಗಳಿಂದ ಬೆಳೆಯಿತು.

ಈ ಹವ್ಯಾಸದ ಜೀವಾಳ ಅಳತೆ. 1:35 ಎಂದರೆ ನಿಜದ 35 ಅಂಗುಲಕ್ಕೆ ಗೊಂಬೆಯಲ್ಲಿ ಒಂದು ಅಂಗುಲ. ಐದೂವರೆ ಅಡಿ ಎತ್ತರದ ಮನುಷ್ಯ ಆಗ ಎರಡು ಅಂಗುಲಕ್ಕಿಂತ ತುಸು ಕಡಿಮೆ ನಿಲ್ಲುತ್ತಾನೆ. ಮನುಷ್ಯ, ಎತ್ತು, ಬಂಡಿ, ಬಾಗಿಲು ಎಲ್ಲವೂ ಅದೇ ಲೆಕ್ಕದಲ್ಲಿ ಇಳಿಯಬೇಕು. ಒಂದು ತಪ್ಪಿದರೂ ಕಣ್ಣು ನಂಬುವುದಿಲ್ಲ.

ಕಲ್ಲಿನಲ್ಲಿ: ದೊಡ್ಡವನು ಯಾರು?

ನಮ್ಮಲ್ಲಿ ಉಳಿದಿರುವ ಅತಿ ಹಳೆಯ ಗೊಂಬೆ ಸನ್ನಿವೇಶಗಳು ವೀರಗಲ್ಲುಗಳು. ಊರ ಅಗಸಿಯ ಹತ್ತಿರ, ಹನುಮಪ್ಪನ ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ನಿಂತಿರುತ್ತವೆ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕೂತಿರುವುದು. ತುರುಗೊಳ್ ಕಾಳಗದ ಕಲ್ಲಾದರೆ ಕೆಳಗಿನ ಪಟ್ಟಿಯಲ್ಲಿ ದನಗಳ ಸಾಲೂ ಇರುತ್ತದೆ.

ಇಲ್ಲಿ ಅಳತೆಯ ನಿಯಮ ಬೇರೆ. ವೀರ ದೊಡ್ಡವನು, ಎದುರಾಳಿಗಳು ಅವನ ಮೊಣಕಾಲಿನಷ್ಟು. ಕಲ್ಲುಕುಟಿಗನಿಗೆ ಅಳತೆ ಗೊತ್ತಿರಲಿಲ್ಲ ಎಂದಲ್ಲ. ಇದೇ ಕಾಲದ ಕಸುಬುದಾರರು ಕುಕನೂರು ಬಳಿಯ ಇಟಗಿಯ ಮಹಾದೇವ ದೇಗುಲದಲ್ಲಿ, ಲಕ್ಕುಂಡಿಯ ಕಾಶಿವಿಶ್ವೇಶ್ವರದಲ್ಲಿ ಗೋಡೆಯ ಮೇಲೆ ಪುಟ್ಟ ಪುಟ್ಟ ಗುಡಿಗಳನ್ನೇ ಕೆತ್ತಿದ್ದಾರೆ. ಕಂಬ, ಶಿಖರ, ಕಳಸ ಯಾವುದೂ ಅದರಲ್ಲಿ ತಪ್ಪಿಲ್ಲ. ಇಟಗಿಯ ದೇಗುಲ 1112ರದ್ದು. ಅಂದರೆ ಕಟ್ಟಡವನ್ನು ಲೆಕ್ಕಕ್ಕೆ ಸರಿಯಾಗಿ ಕಿರಿದು ಮಾಡಲು ಅವರಿಗೆ ಬರುತ್ತಿತ್ತು. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಅಳತೆಯನ್ನು ಮಾನ ನಿರ್ಧರಿಸುತ್ತಿತ್ತು.

ವಿಜಯನಗರದ ಕಾಲಕ್ಕೆ ಇದು ಇನ್ನೂ ವಿಸ್ತಾರವಾಯಿತು. ಹಂಪಿಯ ಹಜಾರರಾಮ ಗುಡಿಯ ಪೌಳಿಗೋಡೆಯ ಹೊರಮೈ ನೋಡಿ. ಆನೆಗಳ ಸಾಲು, ಕುದುರೆಗಳ ಸಾಲು, ಸಿಪಾಯಿಗಳು, ಕುಣಿಯುವ ಹೆಂಗಸರು ಪಟ್ಟಿಯ ಮೇಲೆ ಪಟ್ಟಿಯಾಗಿ ಸಾಗುತ್ತಾರೆ. ಮಹಾನವಮಿ ದಿಬ್ಬದ ಸುತ್ತಲೂ ಬೇಟೆ, ಮೆರವಣಿಗೆ, ಕುಣಿತ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮೆರವಣಿಗೆಯನ್ನು ಕಣ್ಣಾರೆ ಕಂಡು ಬರೆದ. ಅವನ ಬರಹವನ್ನೂ ಈ ಕಲ್ಲುಗಳನ್ನೂ ಒಟ್ಟಿಗೆ ಓದಿದರೆ ಆ ಒಂಬತ್ತು ದಿನಗಳ ಗದ್ದಲ ಕಣ್ಣಿಗೆ ಕಟ್ಟುತ್ತದೆ.

ಈ ಕಲ್ಲುಗಳಲ್ಲಿ ಹೆಚ್ಚಾಗಿ ಇರುವವರು ಅರಸು, ಸೈನಿಕ, ಕುದುರೆ ವ್ಯಾಪಾರಿ, ನರ್ತಕಿ. ಹೊಲ ಉತ್ತವರನ್ನು ಹುಡುಕಬೇಕು.

ಮಣ್ಣಿನಲ್ಲಿ: ಒಂದು ವಾರದ ಆಯುಷ್ಯ

ಹೊಲ ಉತ್ತವರ ಲೋಕ ಸಿಗುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಮಳೆಗಾಲದಿಂದ ದೀಪಾವಳಿಯವರೆಗೆ ನಮ್ಮ ಕಡೆಯ ಹಬ್ಬಗಳನ್ನು ಸಾಲಾಗಿ ಇಟ್ಟರೆ ಗೊಂಬೆ ಮಾಡುವ ಪಂಚಾಂಗವೇ ಸಿದ್ಧವಾಗುತ್ತದೆ. ಜ್ಯೇಷ್ಠದ ಕೊನೆಗೆ ಮಣ್ಣೆತ್ತು. ಆಷಾಢದಲ್ಲಿ ಗುಳ್ಳವ್ವ. ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪ. ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಜೋಕುಮಾರ.

ಜೋಕುಮಾರನದು ಪೂರ್ತಿ ಕಥೆ. ಅಗಲ ಕಣ್ಣಿನ, ಹುರಿಮೀಸೆಯ ಮಣ್ಣಿನ ಮೂರ್ತಿ, ಬಾಯಿಗೆ ಬೆಣ್ಣೆ, ಸುತ್ತಲೂ ಬೇವಿನ ಸೊಪ್ಪು. ಅಂಬಿಗರ ಹೆಣ್ಣುಮಕ್ಕಳು ಅವನನ್ನು ಬುಟ್ಟಿಯಲ್ಲಿಟ್ಟು ಹೊತ್ತು, ಹಾಡುತ್ತಾ ಮನೆಮನೆಗೆ ತಿರುಗುತ್ತಾರೆ, ಮರದ ತುಂಬ ಜೋಳ ಪಡೆಯುತ್ತಾರೆ. ಏಳು ದಿನ ಬಾಳಿ ಅವನು ಸಾಯುತ್ತಾನೆ. ಅಗಸರ ಬಂಡೆಯ ಹತ್ತಿರ ಕಥೆ ಮುಗಿಯುತ್ತದೆ, ಮಳೆ ಬರುತ್ತದೆ ಎಂಬ ನಂಬಿಕೆ ಉಳಿಯುತ್ತದೆ.

ದೀಪಾವಳಿಯ ಪಾಡ್ಯಕ್ಕೆ ಸಗಣಿಯ ಸರದಿ. ಮನೆಯ ಹೆಂಗಸರು ಸಗಣಿಯಿಂದ ಪಾಂಡವರನ್ನು ಮಾಡಿ, ಚೆಂಡುಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿ, ಬಾಗಿಲ ಎರಡೂ ಬದಿಗೆ ಕೂರಿಸುತ್ತಾರೆ. ಕೆಲವು ಊರುಗಳಲ್ಲಿ ಇದೇ ಹಟ್ಟಿ ಹಬ್ಬ, ಹಟ್ಟೆವ್ವನ ಪೂಜೆ. ಹಬ್ಬ ಮುಗಿದ ಮೇಲೆ ಪಾಂಡವರು ಮಾಳಿಗೆ ಏರುತ್ತಾರೆ. ಮಹಾಭಾರತದ ಐವರನ್ನು ಕೊಟ್ಟಿಗೆಯ ಸಗಣಿಯಲ್ಲಿ ಕಂಡ ಈ ಕಲ್ಪನೆ ಯಾವ ಶಾಸನದಲ್ಲೂ ಇಲ್ಲ, ಯಾವ ಕವಿಯ ಅಪ್ಪಣೆಯನ್ನೂ ಕೇಳಿಲ್ಲ.

ಮೊಹರಂ ಬಂದಾಗ ಬಿದಿರು, ಬಣ್ಣದ ಕಾಗದಗಳಿಂದ ತಾಬೂತು ಏಳುತ್ತದೆ. ಅದೂ ಕಿರಿದು ಮಾಡಿದ ಕಟ್ಟಡವೇ. ದೂರದ ಕರ್ಬಲಾದಲ್ಲಿರುವ ಹುಸೇನರ ಗೋರಿಯನ್ನು ನೆನಪಿಗೆ ತರುವ ಮಾದರಿ. ಮುಸ್ಲಿಮರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲೂ ನಮ್ಮ ಭಾಗದಲ್ಲಿ ಅಲಾಯಿ ಕುಣಿ ತೋಡುತ್ತಾರೆ, ದೇವರು ಹೊರುತ್ತಾರೆ.

ಇವೆಲ್ಲದಕ್ಕೂ ಒಂದು ಆರ್ಥಿಕ ವ್ಯವಸ್ಥೆ ಇತ್ತು. ಕುಂಬಾರ, ಬಡಿಗೇರ, ಅಗಸ, ಅಂಬಿಗ ಇವರೆಲ್ಲ ಊರಿನ ಆಯದ ಲೆಕ್ಕದಲ್ಲಿದ್ದವರು. ವರ್ಷವಿಡೀ ಕೆಲಸ, ಸುಗ್ಗಿಯಲ್ಲಿ ಕಣದಿಂದ ಕಾಳು. ಮಣ್ಣೆತ್ತು ತಂದವರಿಗೆ ಮೊರದಲ್ಲಿ ಜೋಳ ಹಾಕುತ್ತಿದ್ದರು, ದುಡ್ಡು ಕೇಳುವ ರೂಢಿ ಇರಲಿಲ್ಲ. ಇದನ್ನು ಬಂಗಾರದ ಕಾಲ ಎನ್ನಬೇಕಾಗಿಲ್ಲ. ಯಾರು ಮಣ್ಣು ಮುಟ್ಟಬೇಕು, ಯಾರು ಬುಟ್ಟಿ ಹೊರಬೇಕು, ಯಾರು ಹೊಸ್ತಿಲ ಹೊರಗೆ ನಿಂತು ಕಾಳು ಪಡೆಯಬೇಕು ಎನ್ನುವುದನ್ನು ಹುಟ್ಟೇ ತೀರ್ಮಾನಿಸುತ್ತಿತ್ತು. ಆಯದ ಪದ್ಧತಿ ಸಡಿಲಾದಂತೆ ಆ ಕಟ್ಟೂ ಸಡಿಲಾಯಿತು, ಜೊತೆಗೆ ಕಸುಬಿನ ಅನ್ನವೂ ಹೋಯಿತು. ಈಗ ಮಣ್ಣೆತ್ತು ಸಂತೆಯ ಸರಕು. ಬಣ್ಣ ಬಳಿದ ಪಿಒಪಿ ಎತ್ತುಗಳ ಪಕ್ಕದಲ್ಲಿ ಕೆರೆಮಣ್ಣಿನ ಎತ್ತು ಬಡವಾಗಿ ಕಾಣುತ್ತದೆ.

ಕಟ್ಟಿಗೆಯಲ್ಲಿ: ಹೊಳೆಯಾಚೆಯ ಚಿತ್ರಗಾರರು

ಕರಗದೆ ಉಳಿಯುವ, ಬಣ್ಣದ ಗೊಂಬೆ ಬೇಕೆಂದರೆ ತುಂಗಭದ್ರೆ ದಾಟಿ ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋಗಬೇಕು. ಅಲ್ಲಿನ ಚಿತ್ರಗಾರ ಮನೆತನಗಳು ಕಟ್ಟಿಗೆಯಲ್ಲಿ ದೇವರು, ಗರುಡ, ಪ್ರಾಣಿ, ಪಕ್ಷಿ, ಗೊಂಬೆಗಳನ್ನು ಮಾಡುತ್ತಾ ಬಂದಿವೆ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಗೆ ಚಿತ್ರ ಬರೆದವರು ತಮ್ಮ ಹಿರಿಯರೇ ಎಂಬುದು ಅವರ ನಂಬಿಕೆ. ಕಿನ್ನಾಳದ ಗೊಂಬೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಚನ್ನಪಟ್ಟಣದ ಗೊಂಬೆಯನ್ನು ಚರಕಿಗೆ ಕೊಟ್ಟು ತಿರುಗಿಸಿ, ಅರಗಿನ ಬಣ್ಣ ಹಿಡಿಸುತ್ತಾರೆ. ಹಾಗಾಗಿ ಅದು ಗುಂಡಗೆ ಇರುತ್ತದೆ. ಕಿನ್ನಾಳದ್ದು ಕೈಯಲ್ಲಿ ಕೆತ್ತಿದ್ದು. ಹಗುರ ಕಟ್ಟಿಗೆಯಲ್ಲಿ ಮೈ, ಕೈ, ಕಾಲು ಬೇರೆ ಬೇರೆ ಕೆತ್ತಿ ಜೋಡಿಸುತ್ತಾರೆ. ಹಳೆ ಬಟ್ಟೆಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಂದಿಗೆ ಕಲಸಿದರೆ ‘ಕಿಟ್ಟ’. ಸಂದು ಮುಚ್ಚುವುದಕ್ಕೆ, ಮೈ ತುಂಬುವುದಕ್ಕೆ ಅದು. ಕಲ್ಲಿನ ಪುಡಿಗೆ ಅಂಟು ಬೆರೆಸಿದರೆ ‘ಗಿಟ್ಟ’. ಒಡವೆ, ಅಂಚು, ಕಿರೀಟದ ಉಬ್ಬು ಕೆಲಸ ಅದರಿಂದ. ಆಮೇಲೆ ಬಿಳಿ ಬಣ್ಣದ ಹಾಸು, ಅದರ ಮೇಲೆ ಬಣ್ಣಗಳು. ತವರದಿಂದ ಬೆಳ್ಳಿ ಬಂಗಾರದ ಹೊಳಪು ತರುವ ವಿದ್ಯೆಗೆ ‘ಲಾಜವಾರ’ ಎನ್ನುತ್ತಾರೆ. ಹೊರದೇಶದ ಹವ್ಯಾಸಿಗಳು ಡಬ್ಬಿಯಲ್ಲಿ ಕೊಳ್ಳುವ ಪುಟ್ಟಿ, ಪ್ರೈಮರ್, ಮೆಟಾಲಿಕ್ ಬಣ್ಣ ಇವೇ. ಇಲ್ಲಿ ಅವು ಹುಣಸೆ ಬೀಜ ಮತ್ತು ಹರಕು ಬಟ್ಟೆಯಿಂದ ಬಂದವು.

ಈ ವಿದ್ಯೆ ಹೊಳೆಯ ಆ ದಡದಲ್ಲಿ ನಿಂತದ್ದರ ಹಿಂದೆ ರಾಜಕೀಯವೂ ಇದೆ. 1565ರ ನಂತರ ವಿಜಯನಗರದ ಆಶ್ರಯ ಕಳಚಿತು. ಕಸುಬುದಾರರು ಸ್ಥಳೀಯ ದೊರೆಗಳನ್ನು, ದೇಸಾಯಿಗಳನ್ನು, ಮಠ ಗುಡಿಗಳನ್ನು ನೆಚ್ಚಬೇಕಾಯಿತು. ನಮ್ಮ ದಡದಲ್ಲಿ ಹರಪನಹಳ್ಳಿಯ ಪಾಳೆಯಗಾರರು ಆಳಿದರು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದು ಪಾಳೆಯಗಾರರ ಬಲ ಮುರಿದ, ರೈತವಾರಿ ತಂದ. ಹರಪನಹಳ್ಳಿ ಮದ್ರಾಸಿಗೆ ಸೇರಿತು. ಕಿನ್ನಾಳದ ದೇಸಾಯಿಗಳು ನಿಜಾಮನ ಸೀಮೆಯಲ್ಲೇ ಉಳಿದು ಚಿತ್ರಗಾರರಿಗೆ ಆಸರೆಯಾದರು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ಕೊಪ್ಪಳ 1956ರಲ್ಲಿ. ಒಂದೂವರೆ ಶತಮಾನ ಒಂದೇ ಹೊಳೆಯ ನೀರು ಕುಡಿದವರು ಎರಡು ಸರಕಾರಗಳಿಗೆ ಕಂದಾಯ ಕಟ್ಟಿದರು. ಆಮೇಲೂ ಹರಪನಹಳ್ಳಿಗೆ ನೆಲೆ ಸಿಕ್ಕಿದ್ದು ತಡವಾಗಿ. 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ ಜಿಲ್ಲೆ.

ಕಮಲಾಪುರದ ಮಾದರಿ ಮತ್ತು ಒಂದು ಪ್ರಶ್ನೆ

ಇದೇ ವಿಜಯನಗರ ಜಿಲ್ಲೆಯ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಹಂಪಿಯ ದೊಡ್ಡ ಮಾದರಿ ಇದೆ. ಬೆಟ್ಟ, ಹೊಳೆ, ಗುಡಿ, ದಾರಿ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಹೊಳೆ ಒಂದು ಕಡೆ, ಬಂಡೆಗುಡ್ಡಗಳು ಸುತ್ತ, ನಡುವೆ ನಗರ. ರಾಜಧಾನಿ ಇಲ್ಲೇ ಏಕೆ ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ಆದರೆ ಇಡೀ ಊರನ್ನು ಅಂಗಳಕ್ಕೆ ಇಳಿಸುವ ಮಾದರಿಯಲ್ಲಿ ಮನುಷ್ಯ ಉಳಿಯುವುದಿಲ್ಲ. 1:1000ದ ಅಳತೆಗೆ ಹೋದರೆ ಅವನು ಎಳ್ಳುಕಾಳಿಗಿಂತ ಸಣ್ಣವನು. ಅರಮನೆ ಕಾಣುತ್ತದೆ, ಕಲ್ಲು ಹೊತ್ತವರು ಕಾಣುವುದಿಲ್ಲ. ಗೊಂಬೆಗಳಿರುವ ಡಯೊರಾಮಾ ಬೇಕಾಗುವುದು ಇಲ್ಲಿಯೇ. ಗೊಂಬೆ ಇಡುವಾಗ ಕಟ್ಟುವವರು ಉತ್ತರ ಕೊಡಲೇಬೇಕಾದ ಪ್ರಶ್ನೆಗಳು ಹುಟ್ಟುತ್ತವೆ. ನೂರು ವರ್ಷದ ಹಿಂದಿನ ಒಂದು ಹಳ್ಳಿಯನ್ನು 1:35ರಲ್ಲಿ ಕಟ್ಟಿ ನೋಡಿ. ಸೇದುವ ಬಾವಿಯ ಕಟ್ಟೆಯ ಮೇಲೆ ಯಾರನ್ನು ನಿಲ್ಲಿಸುತ್ತೀರಿ? ಕೊಡ ಹಿಡಿದು ಕೆಳಗೆ ಕಾಯುತ್ತಾ ನಿಂತವರು ಯಾರು? ಕೇರಿ ತಳದ ಹಲಗೆಯ ಒಳಗೆ ಬರುತ್ತದೋ, ಹಲಗೆ ಅಲ್ಲಿಗೆ ಮುಗಿಯುತ್ತದೋ? ಬರಹದಲ್ಲಿ ‘ಊರಿನ ಜನ’ ಎಂದು ತೇಲಿಸಿಬಿಡಬಹುದು. ಎರಡು ಅಂಗುಲದ ಗೊಂಬೆಗೆ ಮಾತ್ರ ನಿಲ್ಲಲು ಒಂದು ಜಾಗ ತೋರಿಸಲೇಬೇಕು.

ಈ ಕೆಲಸ ದುಬಾರಿಯದ್ದೂ ಅಲ್ಲ. ಒಂದು ಪ್ಲೈವುಡ್ ಹಲಗೆ, ಕೆರೆಮಣ್ಣು, ಹುಣಸೆ ಬೀಜದ ಅಂಟು, ಅಳತೆ ಪಟ್ಟಿ ಸಾಕು. ಒಂದು ಪ್ರೌಢಶಾಲೆ ತನ್ನ ಊರಿನ ಅಗಸಿ, ಬಾವಿ, ವೀರಗಲ್ಲು, ಗುಡಿ, ಮಸೀದಿ, ಕೇರಿಗಳನ್ನು ಟೇಪು ಹಿಡಿದು ಅಳೆಯಲಿ. ಯಾರ ಮನೆ ಎಲ್ಲಿತ್ತು, ಯಾರು ಯಾವ ಬಾವಿಯಿಂದ ನೀರು ತರುತ್ತಿದ್ದರು ಎಂದು ಎಂಬತ್ತು ದಾಟಿದ ಅಜ್ಜಿಯರನ್ನು ಕೇಳಲಿ, ಎಲ್ಲ ಕೇರಿಯ ಅಜ್ಜಿಯರನ್ನೂ ಕೇಳಲಿ. ಗೊಂಬೆ ತಿದ್ದಲು ಊರಿನ ಕುಂಬಾರರನ್ನು, ಸಾಧ್ಯವಾದರೆ ಕಿನ್ನಾಳದ ಚಿತ್ರಗಾರರನ್ನು ಸಂಬಳ ಕೊಟ್ಟು ಕರೆಸಲಿ. ಮುಗಿದ ಮೇಲೆ ಹಲಗೆಯ ಅಂಚಿನಲ್ಲಿ, ದಾನ ಕೊಟ್ಟವರ ಹೆಸರಿಗಿಂತ ಮೊದಲು, ಮಾಡಿದವರ ಹೆಸರು ಬರೆಯಲಿ.