ನಕ್ಷತ್ರದ ದೂರ: ಮೊದಲು ಕಂಡವನಿಗೆ ತಪ್ಪಿದ ಕೀರ್ತಿ

ಭೂಮಿ ಸೂರ್ಯನ ಸುತ್ತ ತಿರುಗುತ್ತದೆಂದು ಕೊಪರ್ನಿಕಸ್ 1543ರಲ್ಲಿ ಪ್ರಕಟಿಸಿದಾಗ ಎದುರಾದದ್ದು ಧಾರ್ಮಿಕ ವಿರೋಧ ಮಾತ್ರವಲ್ಲ. ಭೂಮಿ ಚಲಿಸುವುದು ನಿಜವಾದರೆ ನಕ್ಷತ್ರಗಳೂ ವರ್ಷದುದ್ದಕ್ಕೂ ಕೊಂಚ ಅತ್ತಿತ್ತ ಸರಿದಂತೆ ಕಾಣಬೇಕಲ್ಲವೇ ಎಂಬ ನ್ಯಾಯವಾದ ಪ್ರಶ್ನೆಯೂ ಇತ್ತು. ಡೆನ್ಮಾರ್ಕಿನ ಟೈಕೊ ಬ್ರಾಹೆ ಇಂಥ ಪಲ್ಲಟವನ್ನು ಹುಡುಕಿದ, ಕಾಣಲಿಲ್ಲ. ಭೂಮಿಯ ಚಲನೆಯನ್ನು ಆತ ಒಪ್ಪದಿರಲು ಇದೂ ಒಂದು ಕಾರಣ.

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಜಿಗಿದಂತೆ ತೋರುತ್ತದೆ. ಇದೇ ಪ್ಯಾರಲ್ಯಾಕ್ಸ್. ನಕ್ಷತ್ರದ ಮಟ್ಟಿಗೆ ನಮ್ಮ ಎರಡು ಕಣ್ಣುಗಳೆಂದರೆ ಆರು ತಿಂಗಳ ಅಂತರದಲ್ಲಿ ಭೂಮಿ ಇರುವ ಎರಡು ಸ್ಥಾನಗಳು. ಅವುಗಳ ನಡುವೆ ಸುಮಾರು 30 ಕೋಟಿ ಕಿ.ಮೀ. ಈ ಅಂತರ ಮತ್ತು ಪಲ್ಲಟದ ಕೋನ ಗೊತ್ತಾದರೆ, ನದಿ ದಾಟದೆಯೇ ಸರ್ವೆಯವರು ಅದರ ಅಗಲ ಅಳೆಯುವಂತೆ, ನಕ್ಷತ್ರದ ದೂರ ಸಿಗುತ್ತದೆ.

ಆದರೆ ಆ ಕೋನ ಅತಿ ಸಣ್ಣದು. ಮೂರು ಶತಮಾನ ಅದು ಯಾರ ಕೈಗೂ ಸಿಗಲಿಲ್ಲ. ಸಿಕ್ಕಿತೆಂದು ಘೋಷಿಸಿದವರ ಲೆಕ್ಕಗಳೆಲ್ಲ ಸುಳ್ಳಾದವು.

ವಕೀಲರ ಕಚೇರಿಯಲ್ಲಿ ಪಳಗಿದ್ದ ಸ್ಕಾಟ್ಲೆಂಡಿನ ಥಾಮಸ್ ಹೆಂಡರ್ಸನ್ 1832-33ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ವೀಕ್ಷಣಾಲಯದಲ್ಲಿದ್ದು ಆಲ್ಫಾ ಸೆಂಟಾರಿ ನಕ್ಷತ್ರವನ್ನು ಗಮನಿಸಿದ. ಊರಿಗೆ ಮರಳಿ ಲೆಕ್ಕ ಹಾಕಿದಾಗ ಸ್ಪಷ್ಟ ಪಲ್ಲಟ ಕಂಡಿತು. ಹಿಂದಿನವರ ಸೋಲು ನೆನಪಿದ್ದ ಆತ ಉಪಕರಣವನ್ನೇ ಶಂಕಿಸಿ ಪ್ರಕಟಣೆಯನ್ನು ತಡೆಹಿಡಿದ.

ಇತ್ತ ಪ್ರಷ್ಯದ ಕೋನಿಗ್ಸ್‌ಬರ್ಗಿನಲ್ಲಿ ಫ್ರೆಡ್ರಿಕ್ ಬೆಸೆಲ್ ಬೇರೆ ದಾರಿ ಹಿಡಿದಿದ್ದ. ಈತನೂ ಹದಿಹರೆಯದಲ್ಲಿ ವ್ಯಾಪಾರ ಮಳಿಗೆಯೊಂದರಲ್ಲಿ ಕೆಲಸ ಕಲಿತವನು. ಆಕಾಶದಲ್ಲಿ ವೇಗವಾಗಿ ಸರಿಯುವ ನಕ್ಷತ್ರ ಹತ್ತಿರದ್ದೇ ಇರಬೇಕೆಂದು ತರ್ಕಿಸಿ ರಾಜಹಂಸ ಪುಂಜದ ಮಂಕು ನಕ್ಷತ್ರ 61 ಸಿಗ್ನಿಯನ್ನು ಆರಿಸಿದ. ಪಕ್ಕದ ಎರಡು ಮಸುಕು ನಕ್ಷತ್ರಗಳಿಂದ ಅದರ ಅಂತರವನ್ನು ವರ್ಷಕ್ಕೂ ಮೀರಿ ಅಳೆದ. ಗಾಳಿಯ, ಉಪಕರಣದ ದೋಷಗಳು ಮೂರಕ್ಕೂ ಹೆಚ್ಚುಕಡಿಮೆ ಒಂದೇ ರೀತಿ ತಟ್ಟುವುದರಿಂದ ಉಳಿಯುವ ವ್ಯತ್ಯಾಸ ನಕ್ಷತ್ರದ್ದೇ. 1838ರಲ್ಲಿ ಆತ ಪ್ರಕಟಿಸಿದ ಕೋನ, ಎರಡು ಸೆಂಟಿಮೀಟರ್ ಅಗಲದ ನಾಣ್ಯವನ್ನು 13 ಕಿ.ಮೀ. ದೂರದಿಂದ ನೋಡಿದಷ್ಟು ಸಣ್ಣದು. ಅದರ ಪ್ರಕಾರ ದೂರ ಸುಮಾರು 10 ಜ್ಯೋತಿರ್ವರ್ಷ. ಇಂದಿನ ಲೆಕ್ಕದಲ್ಲಿ 11.4.

ಹೆಂಡರ್ಸನ್ ತನ್ನ ಫಲಿತಾಂಶ ಹೊರತಂದದ್ದು 1839ರ ಜನವರಿಯಲ್ಲಿ, ಕೆಲವೇ ತಿಂಗಳು ತಡವಾಗಿ. ಆತನ ಅಂಕಿ ಅಷ್ಟು ನಿಖರವಿರಲಿಲ್ಲ, ಆದರೆ ಕಂಡದ್ದು ನಿಜವಾಗಿತ್ತು. ರಷ್ಯದ ಸ್ಟ್ರೂವೆಯದೂ ಇಂಥದೇ ಕಥೆ. ಅಭಿಜಿತ್ ನಕ್ಷತ್ರಕ್ಕೆ 1837ರಲ್ಲಿ ಸರಿಸುಮಾರು ಸರಿಯಾದ ಕೋನವನ್ನೇ ಕೊಟ್ಟಿದ್ದ ಆತ, ಆಮೇಲೆ ಅದನ್ನು ದುಪ್ಪಟ್ಟು ಮಾಡಿ ತಪ್ಪಿದ.

2013ರಲ್ಲಿ ಹಾರಿದ ಯುರೋಪಿನ ಗಯಾ ಉಪಗ್ರಹ ಇದೇ ತತ್ವದಿಂದ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳನ್ನು ಅಳೆದು 2025ರಲ್ಲಿ ಕೆಲಸ ಮುಗಿಸಿತು. ದೂರದ ಗೆಲಾಕ್ಸಿಗಳ ಅಳತೆಗೂ ಇದೇ ಮೊದಲ ಮೆಟ್ಟಿಲು. ಟೈಕೊ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ನಕ್ಷತ್ರಗಳು ಇಷ್ಟು ದೂರವಿರಬಹುದೆಂದು ನಂಬುವುದು ಮಾತ್ರ ಆತನಿಗೆ ಸಾಧ್ಯವಾಗಲಿಲ್ಲ.